ಸುತ್ತ ಕಟಿಂಗ್ ಹೊಡಸ್ಲೇನು?

“ಅಂಚು ಪುಡಿಪುಡಿ ಆಗ್ಯಾವ ಬೇಟಿ. ಸುತ್ತ ಕಟಿಂಗ್ ಹೊಡಸ್ಲೇನು?”

ಚಾಚಾ ಹೀಗೆ ಕೇಳಿದಾಗ ನನ್ನ ಗಮನ ಬಾಗಿಲಾಚೆ ಹೋಗುತ್ತಿದ್ದ ಕಲ್ಲಂಗಡಿ ಗಾಡಿಯ ಮೇಲಿತ್ತು. “ಹೂಂ, ನೀಟಾಗಿ ಬರಲಿ” ಅಂದುಬಿಟ್ಟೆ. ಮಂಗಳೂರಿಗೆ ಮರಳಿ ಮೂರು ತಿಂಗಳಾಯಿತು. ಹೊರಗೆ ಮಳೆ ಹಿಡಿದಿದೆ. ವಿಜಯಪುರದ ಬಿಸಿಲು, ಅಲ್ಲಿ ಒಡೆದ ತುಟಿ, ಶೇಂಗಾ ಹಿಂಡಿಯ ಖಾರ ಒಂದೊಂದಾಗಿ ಮಸುಕಾಗುತ್ತಿವೆ. ಆ ಪ್ರಶ್ನೆ ಮಾತ್ರ ರಾತ್ರಿ ದೀಪ ಆರಿಸಿದ ಮೇಲೆ ಬಂದು ಪಕ್ಕದಲ್ಲಿ ಕೂರುತ್ತದೆ.

ನಾನು ಹೋದದ್ದು ಅಪ್ಪನ ಒಂದು ಕಟ್ಟಿಗಾಗಿ. ಬ್ಯಾಂಕಿನ ಕೆಲಸದಲ್ಲಿದ್ದ ಅಪ್ಪ 1978ರಿಂದ ನಾಲ್ಕು ವರ್ಷ ಬಿಜಾಪುರದಲ್ಲಿದ್ದರು. ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ವಿಜಯಪುರ ಆದದ್ದು 2014ರಲ್ಲಿ. ಅಪ್ಪನ ಬಾಯಲ್ಲಿ ಅದು ಕೊನೆಯವರೆಗೂ ಬಿಜಾಪುರವೇ. ಅಲ್ಲಿನ ಯಾವುದೋ ರದ್ದಿ ಅಂಗಡಿಯಲ್ಲಿ ಅವರಿಗೆ ‘ಶಿವಾನುಭವ’ದ ಹಳೆಯ ಸಂಚಿಕೆಗಳ ಕಟ್ಟೊಂದು ಸಿಕ್ಕಿತ್ತು. ಫ.ಗು. ಹಳಕಟ್ಟಿಯವರು 1926ರಲ್ಲಿ ಶುರುಮಾಡಿ, ತಮ್ಮದೇ ಹಿತಚಿಂತಕ ಮುದ್ರಣಾಲಯದಲ್ಲಿ ಅಚ್ಚು ಹಾಕಿಸುತ್ತಿದ್ದ ಪತ್ರಿಕೆ ಅದು. ಯಾರೋ ಪುಣ್ಯಾತ್ಮರು ಏಳೆಂಟು ಸಂಚಿಕೆಗಳನ್ನು ಜೋಡಿಸಿ, ಹೊಲಿದು, ರಟ್ಟು ಹಾಕಿದ್ದರು. ನಮ್ಮೂರಿನ ನಲವತ್ತು ಮಳೆಗಾಲಗಳು ಆ ಕಟ್ಟನ್ನು ನಿಧಾನವಾಗಿ ಬಿಚ್ಚಿದ್ದವು. ಅಪ್ಪ ಹೋದ ಮೇಲೆ ಪೆಟ್ಟಿಗೆ ತೆರೆದರೆ ದಾರ ಕೊಳೆತು, ಬೆನ್ನಿನ ಬಟ್ಟೆಯಲ್ಲಿ ಬೂಸ್ಟು ಹತ್ತಿ, ಹಾಳೆಗಳು ಒಣ ಅಪ್ಪಳದ ಹಾಗೆ ಮುರಿಯುವಂತಾಗಿದ್ದವು.

ಮಂಗಳೂರಿನ ಅಂಗಡಿಗಳಲ್ಲಿ ವಿಚಾರಿಸಿದೆ. “ಸ್ಪೈರಲ್ ಹಾಕುವಾ, ಇಲ್ಲದಿದ್ದರೆ ಪರ್ಫೆಕ್ಟ್ ಬೈಂಡಿಂಗ್ ಮಾಡುವಾ” ಎಂದರು. ಪರ್ಫೆಕ್ಟ್ ಎಂಬ ಮಾತು ಕೇಳಿದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ನನ್ನ ಮೊದಲ ಪ್ರಬಂಧ ಸಂಕಲನವನ್ನು ಅತಿಥಿಗಳು ವೇದಿಕೆಯಲ್ಲಿ ಅಗಲಿಸಿ ಎತ್ತಿ ಹಿಡಿದಾಗ ನಡುವಿನ ನಾಲ್ಕು ಹಾಳೆ ಅವರ ಪಾದಕ್ಕೆ ಬಿದ್ದವು. ಸಭೆ ಅದನ್ನು ಲೇಖಕಿಯ ವಿನಯ ಎಂದು ತಿಳಿಯಿತೋ ಏನೋ, ಚಪ್ಪಾಳೆ ತಟ್ಟಿತು. ಅಂದಿನಿಂದ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಬೆನ್ನು ನೋಡುತ್ತೇನೆ, ಆಮೇಲೆ ಹೆಸರು. ವಿಜಯಪುರದ ಗೆಳತಿಯೊಬ್ಬಳು “ಗಾಂಧಿ ಚೌಕದ ಹತ್ರ ಒಬ್ರು ಚಾಚಾ ಇದ್ದಾರ, ಇನ್ನೂ ಸೂಜಿ ದಾರದಾಗ ಹೊಲೀತಾರ, ತಗೊಂಡು ಬಾ” ಎಂದಳು. ಹುಟ್ಟಿದೂರಿಗೇ ಒಯ್ದು ರಿಪೇರಿ ಮಾಡಿಸಿದರಾಯಿತು ಎಂದು ಹೊರಟೆ.

ಮಾರ್ಚ್ ತಿಂಗಳು. ಬೆಳಗಿನ ಬಸ್ಸಿನ ಕಿಟಕಿಯಲ್ಲಿ ಗೋಳಗುಮ್ಮಟ ಮೊದಲು ಗುಡ್ಡದ ಹಾಗೆ ಕಂಡಿತು. ಬಸ್ಸಿಳಿದು ಸೂಸಲಾ, ಮಿರ್ಚಿ ತಿಂದು ಚಹಾ ಕುಡಿಯುವಷ್ಟರಲ್ಲಿ ತುಟಿ ಬಿರಿಯಿತು. ನಮ್ಮ ಕಡೆ ಒಗೆದ ಬಟ್ಟೆ ಎರಡು ದಿನ ಹಸಿ ನಾರುತ್ತದೆ. ಇಲ್ಲಿ ಒದ್ದೆ ಕರವಸ್ತ್ರ ಚೌಕ ದಾಟುವುದರೊಳಗೆ ಹಪ್ಪಳ. ಚೀಲದೊಳಗೆ ಅಪ್ಪನ ಕಟ್ಟು ಸಣ್ಣಗೆ ಚಟಚಟ ಎನ್ನುತ್ತಿತ್ತು.

ಚಾಚಾನ ಅಂಗಡಿ ಎಂದರೆ ಒಂದು ಕೋಣೆ. ಒಳಗೆ ಕಾಲಿಟ್ಟರೆ ಎಲ್ಲ ಕೆಂಪು. ಕೆಂಪು ಬಟ್ಟೆಯ ಕಿರ್ದಿ, ಖತಾವಣಿ ಪುಸ್ತಕಗಳು ಛಾವಣಿಯ ತನಕ. ಲೆಕ್ಕದ ವರ್ಷ ಮುಗಿಯುವ ತಿಂಗಳಾದ್ದರಿಂದ ಒಂದಿಷ್ಟು ಗಿರಾಕಿ ಇತ್ತು. “ಮೊದಲ ದೀಪಾವಳಿಗೆ ಗಾಡಿಗಟ್ಟಲೆ ಹೋಗ್ತಿದ್ವು. ಈಗ ಲೆಕ್ಕ ಎಲ್ಲಾ ಕಂಪ್ಯೂಟರ್‌ನ್ಯಾಗ. ಲಕ್ಷ್ಮೀಪೂಜಾಕ್ಕ ಮಾತ್ರ ಒಂದು ಒಯ್ತಾರ. ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ರ ಕೆಡ್ತದಲ್ಲ” ಎಂದು ಚಾಚಾ ನಕ್ಕರು. ಕಿಟಕಿಯ ಕೆಳಗೆ ತಿರುಗಾಲಿಯ ಹಳೆಯ ಕಟಿಂಗ್ ಮಷಿನ್. ಪಕ್ಕದಲ್ಲಿ ಎರಡು ಮರದ ಹಲಗೆಗೆ ತಿರುಪು ಕೂರಿಸಿದ ಶಿಕಂಜಾ. ಒಂದು ಅಲ್ಯೂಮಿನಿಯಂ ಬೋಗುಣಿಯಲ್ಲಿ ಮೈದಾ ಅಂಟು, ತೆಳು ನೀಲಿ ಬಣ್ಣದ್ದು. ನೀಲಿ ಯಾಕೆ ಎಂದೆ. “ಮೈಲುತುತ್ತ. ಹಾಕದಿದ್ರ ಹುಳಕ್ಕ ಊಟ ಬಡಿಸಿದ್ಹಂಗ.”

ಅಪ್ಪನ ಕಟ್ಟನ್ನು ಅವರು ತೆರೆದದ್ದು ನೋಡಬೇಕಿತ್ತು. ಮುಖಪುಟ ಹೊರಳಿಸಲಿಲ್ಲ, ಅಂಗೈ ಮೇಲೆ ಮಲಗಿಸಿ ಬೆನ್ನನ್ನು ಬೆರಳಿನಿಂದ ಮುಟ್ಟಿ ನೋಡಿದರು, ವೈದ್ಯರು ಮಗುವಿನ ಪಕ್ಕೆ ಮುಟ್ಟಿದ ಹಾಗೆ. ಚಾಕುವಿನ ತುದಿಯಿಂದ ಕೊಳೆತ ದಾರ ಒಂದೊಂದೇ ಎಳೆದು ತೆಗೆದರು. ಹಾಳೆಗಳು ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡವು. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿ ಮಡಚಿ ಎಂಟೋ ಹದಿನಾರೋ ಪುಟ ಮಾಡಿದರೆ ಅದೊಂದು ಜುಜ್. ಜುಜ್‌ಗಳನ್ನು ಮಡಿಕೆಯ ನಡುವೆ ಹೊಲಿದು, ಒಂದರ ದಾರವನ್ನು ಇನ್ನೊಂದಕ್ಕೆ ಗಂಟಿಕ್ಕುತ್ತ ಹೋದರೆ ಪುಸ್ತಕ. ಈ ಕಟ್ಟಿನ ಮಡಿಕೆಗಳೇ ಹರಿದಿದ್ದವು. ಪ್ರತಿ ಮಡಿಕೆಗೂ ತೆಳು ಕಾಗದದ ಪಟ್ಟಿ ಅಂಟಿಸಿ, ಒಣಗಿಸಿ, ಆಮೇಲೆ ಹೊಲಿಯಬೇಕು. ಈ ಊರಲ್ಲಿ ಒಣಗಲು ಎಷ್ಟು ಹೊತ್ತು! ನಾನು ಚಹಾ ಕುಡಿದು ಬರುವಷ್ಟರಲ್ಲಿ ಮೊದಲ ಜುಜ್ ಹೊಲಿಗೆಗೆ ಸಿದ್ಧವಿತ್ತು.

ಅಪ್ಪ ಹೇಳುತ್ತಿದ್ದ ಒಂದು ಮಾತು ಆಗ ನೆನಪಾಗಿ ಕೇಳಿದೆ. ಬ್ಯಾಂಕಿನ ದಪ್ಪ ಲೆಡ್ಜರುಗಳ ಅಂಚಿಗೆ ನವಿಲುಗರಿಯಂಥ ಬಣ್ಣದ ಚಿತ್ತಾರ ಇರುತ್ತಿತ್ತಲ್ಲ, ಯಾಕೆ? ಚಾಚಾನ ಕಣ್ಣು ಅರಳಿತು. “ನಾನೂ ಮಾಡೀನಿ. ಯಾರರೆ ನಡುವಿನ ಒಂದು ಹಾಳಿ ಹರಕೊಂಡ್ರಂದ್ರ ಚಿತ್ತಾರದ ಗೆರಿ ತಪ್ತದ. ಅಂಚೇ ಸಾಕ್ಷಿ ಹೇಳ್ತದ.” ಇದಾಗಿ ಐದು ನಿಮಿಷಕ್ಕೆ ಆ ಪ್ರಶ್ನೆ ಬಂತು, ನಾನು ಹೂಂ ಎಂದೆ. ತಮ್ಮ ಹಳೆಯ ಮಷಿನ್ನಿನಲ್ಲಿ ಇಷ್ಟು ಒಣ ಕಾಗದ ಕತ್ತರಿಸಿದರೆ ಚಕ್ಕೆ ಏಳುತ್ತದೆ; ಅಕ್ಕನ ಮಗನದು ಬಬಲೇಶ್ವರದಲ್ಲಿ ಹೊಸ ಮಷಿನ್, ಸಂಜೆ ಕಾಗದ ಕೊಳ್ಳಲು ಪೇಟೆಗೆ ಬರುತ್ತಾನೆ, ಅವನ ಕೈಲಿ ಕೊಟ್ಟು ಕಳಿಸುವೆ ಎಂದರು. ಹಾಳೆಗಳ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಮಸುಕು ಗೀಚು ನನ್ನ ಕಣ್ಣಿಗೂ ಬಿದ್ದಿತ್ತು. ರದ್ದಿಯಲ್ಲಿ ಕೊಂಡ ಪುಸ್ತಕ, ಯಾರೋ ಗೀಚಿದ್ದು ಎಂದುಕೊಂಡಿದ್ದೆ.

ಆ ಸಂಜೆ ಗೆಳತಿಯ ಜೊತೆ ಆಸಾರ್ ಮಹಲಿನ ಎದುರಿನ ಕೊಳದ ಕಟ್ಟೆಯ ಮೇಲೆ ಕೂತಿದ್ದೆ. ಮೊಹಮ್ಮದ್ ಆದಿಲ್ ಶಾಹ 1646ರ ಸುಮಾರಿಗೆ ನ್ಯಾಯದ ಸಭಾಂಗಣವೆಂದು ಕಟ್ಟಿಸಿದ ಮಹಲು ಅದು. ಆಮೇಲೆ ಪ್ರವಾದಿಯ ಕೇಶ ಇರಿಸಿದ ಪವಿತ್ರ ಸ್ಥಳವಾಯಿತು. ಅರಸರ ಗ್ರಂಥಭಂಡಾರದಲ್ಲಿ ಉಳಿದಿದ್ದ ಪುಸ್ತಕಗಳೂ ಅಲ್ಲೇ ಇದ್ದವು. ಒಂದು ಕಾಲಕ್ಕೆ ಆ ಭಂಡಾರದಲ್ಲಿ ಲಿಪಿಕಾರರು, ಚಿನ್ನದ ಲೇಪದವರು, ಪುಸ್ತಕ ಕಟ್ಟುವವರು ಎಂದು ಅರವತ್ತು ಜನ ದಿನವಿಡೀ ಕೆಲಸ ಮಾಡುತ್ತಿದ್ದರೆಂದು ಅದೇ ದರಬಾರಿನ ಇತಿಹಾಸಕಾರ ರಫೀಉದ್ದೀನ್ ಶಿರಾಜಿ ಬರೆದಿದ್ದಾನೆ. ಉಳಿದವುಗಳಲ್ಲಿ 400ಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆ ಕಾಲದ ಇಸ್ಲಾಮೀ ಕಟ್ಟಿನಲ್ಲಿ ನನಗೆ ಇಷ್ಟವಾದ ಒಂದು ಸಂಗತಿಯಿದೆ. ನಮ್ಮ ಇಂದಿನ ಪುಸ್ತಕಗಳಲ್ಲಿ ರಟ್ಟು ಹಾಳೆಗಿಂತ ತುಸು ಹೊರಚಾಚಿರುತ್ತದೆ. ಅಲ್ಲಿ ಹಾಗಲ್ಲ, ರಟ್ಟು ಹಾಳೆ ಎರಡೂ ಸಮ. ಬದಲಿಗೆ ಹಿಂದಿನ ರಟ್ಟಿಗೆ ಚರ್ಮದ ಒಂದು ಮಡಿಕೆ, ಲಕೋಟೆಯ ಬಾಯಿಯಂತೆ. ಓದಿ ಮುಗಿಸಿದ ಮೇಲೆ ಅದನ್ನು ಮುಂದಕ್ಕೆ ಹೊದಿಸಿದರೆ ಹಾಳೆಯ ಅಂಚು ಮುಚ್ಚಿಹೋಗುತ್ತದೆ. ಧೂಳು ಬೀಳದು, ಕೈಬೆವರು ತಾಗದು. ಪುಸ್ತಕಕ್ಕೆ ಅಂಚೆಂಬುದು ಕಾಯಬೇಕಾದ ಜಾಗ ಎಂದು ಆ ಕುಶಲಿಗಳಿಗೆ ಗೊತ್ತಿತ್ತು. ಇದನ್ನೆಲ್ಲ ಗೆಳತಿಗೆ ಬಲು ಉತ್ಸಾಹದಿಂದ ವಿವರಿಸಿದೆ. ಅದೇ ಹೊತ್ತಿಗೆ ಅಪ್ಪನ ಕಟ್ಟು ಬಬಲೇಶ್ವರದ ದಾರಿಯಲ್ಲಿತ್ತು.

ಗೆಳತಿ ಹಳಕಟ್ಟಿಯವರ ಕತೆ ತೆಗೆದಳು. ವಿಜಯಪುರದವರಿಗೆ ಅದು ಮನೆಯ ಹಿರಿಯರ ಕತೆ. ಊರೂರು ಅಲೆದು ತಾಡೋಲೆಗಳಿಂದ ವಚನ ಸಂಗ್ರಹಿಸಿ ಅವರು ಅಚ್ಚಿಗೆ ಕಳಿಸಿದ್ದು ನಮ್ಮೂರಿಗೇ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ. ಪ್ರೆಸ್ಸಿನವರು ಹಸ್ತಪ್ರತಿಯನ್ನು ಮರಳಿಸಿದರು ಎಂದು ಹೇಳುತ್ತಾರೆ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಎರಡು ವರ್ಷಕ್ಕೆ, ಮನೆ ಮಾರಿದ ಹಣದಲ್ಲಿ ಹಿತಚಿಂತಕ ಮುದ್ರಣಾಲಯ ಬಂತು. “ನಿಮ್ಮೂರಿನವ್ರು ಅಚ್ಚು ಹಾಕಿದ್ರ ನಮ್ಮೂರಿಗೆ ಪ್ರೆಸ್ಸೇ ಬರ್ತಿದ್ದಿಲ್ಲ ಬಿಡು” ಎಂದು ಗೆಳತಿ ನನ್ನನ್ನು ಸಮಾಧಾನಪಡಿಸಿದಳು. ನನಗೆ ಮಾತ್ರ ಬೇರೆಯದೇ ಯೋಚನೆ. ಸಂಗ್ರಹಿಸಿದವರ ಹೆಸರಿದೆ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರೂ ಇದೆ. ಹಾಳೆ ಮಡಚಿ ಹೊಲಿದವರು ಯಾರು? ಕನ್ನಡದ ಯಾವ ಪುಸ್ತಕದ ಮೊದಲ ಪುಟದಲ್ಲಾದರೂ ಬೈಂಡರನ ಹೆಸರು ಓದಿದ ನೆನಪು ನನಗಿಲ್ಲ.

ಮರುದಿನ ತಿಕೋಟಾ. ಅಲ್ಲಿ ಅಪ್ಪನ ಹಳೆಯ ಪರಿಚಯದ ರೈತರೊಬ್ಬರಿದ್ದಾರೆ. ಯುಗಾದಿಗೊಂದು ಪತ್ರ, ಆಮೇಲಾಮೇಲೆ ಫೋನು, ಹೀಗೆ ಸ್ನೇಹ ಉಳಿದಿತ್ತು. ಮನೆಯಲ್ಲಿ ಎಲ್ಲರೂ ಅವರನ್ನು ಮುತ್ಯಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ಹಸಿರು ಬಲೆ ಹೊದಿಸಿದ ಉದ್ದುದ್ದ ಶೆಡ್ಡುಗಳು. ಒಳಗೆ ಅಂತಸ್ತಿನ ಮೇಲೆ ಅಂತಸ್ತು ಜಾಲರಿ, ಅದರ ಮೇಲೆ ಬೀಜವಿಲ್ಲದ ದ್ರಾಕ್ಷಿ. ಪೊಟ್ಯಾಶಿಯಂ ಕಾರ್ಬೊನೇಟೂ ಡಿಪ್ಪಿಂಗ್ ಆಯಿಲೂ ಬೆರೆಸಿದ ನೀರಿನಲ್ಲಿ ಅದ್ದಿ ಹರಡಿದರೆ ಸಿಪ್ಪೆಯ ಮೇಣ ಸಡಿಲಾಗಿ ನೀರು ಬೇಗ ಹೊರಬರುತ್ತದೆ. ಎರಡು ಮೂರು ವಾರಕ್ಕೆ ಮಣೂಕ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ. “ನಮ್ದೇನಿಲ್ಲ ಇದರಾಗ, ಎಲ್ಲಾ ಗಾಳೀದು” ಎಂದರು ಮುತ್ಯಾ. ಶೆಡ್ಡಿನ ಮೂಲೆಯ ಡ್ರಮ್ಮಿನ ಬಾಯಿಗೆ ನೀಲಿ ಕಲೆ. ಮತ್ತೆ ಮೈಲುತುತ್ತ! ಸುಣ್ಣದ ಜೊತೆ ಕಲಸಿ ಬಳ್ಳಿಗೆ ಬೂಜುರೋಗ ಬಾರದಂತೆ ಹೊಡೆಯುವ ಬೋರ್ಡೊ ದ್ರಾವಣ ಅದು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಮದ್ದು. ಪುಸ್ತಕಕ್ಕೂ ಬಳ್ಳಿಗೂ ಒಂದೇ ನೀಲಿ. ಚಾಚಾನ ಬೋಗುಣಿಯ ಸುದ್ದಿ ಹೇಳಿದಾಗ ಮುತ್ಯಾ, “ಅಂದ್ರ ಪುಸ್ತಕಕ್ಕೂ ನಮ್ಮಂಗ ರೋಗ ರುಜಿನ ಅಂದಂಗಾತು” ಎಂದರು.

ಪಡಸಾಲೆಯ ಗೋಡೆಯಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರ ಫೋಟೊ. ಅವರ ಹುಟ್ಟೂರು ಬಿಜ್ಜರಗಿ ಇದೇ ಸೀಮೆಯದು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಮುತ್ಯಾ ವಿಜಯಪುರದ ಬೀದಿಯಲ್ಲಿ ರಾತ್ರಿಯಿಡೀ ನಿಂತಿದ್ದರಂತೆ. ಕೆಳಗಿನ ಮಾಡದಲ್ಲಿ ಸೆಂಟರ್ ಪಿನ್ ಹೊಡೆದ ತೆಳು ಪ್ರವಚನ ಪುಸ್ತಕಗಳು. ಒಂದನ್ನು ತೆರೆದು ನೋಡಿದೆ, ಪಿನ್ನು ಫಳಫಳ. ನಮ್ಮೂರಿನಲ್ಲಿ ಇಂಥ ಪುಸ್ತಕದ ಪಿನ್ನು ಎರಡನೇ ಮಳೆಗಾಲಕ್ಕೇ ತುಕ್ಕು ಹಿಡಿದು ನಡುಪುಟದಲ್ಲಿ ಎರಡು ಕಂದು ಕಣ್ಣು ಮೂಡಿಸಿರುತ್ತದೆ.

ಊಟಕ್ಕೆ ಮುತ್ಯಾನ ಮಡದಿ ಆಯಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು ಬಡಿಸಿದರು. ನೆಂಚಿಕೊಳ್ಳಲು ಹಸಿ ಉಳ್ಳಾಗಡ್ಡಿ. ನಾನು ರೊಟ್ಟಿಯನ್ನು ನೀರುದೋಸೆಯಂತೆ ಮಡಚಲು ಹೋಗಿ ಮುರಿದೆ. “ರೊಟ್ಟಿ ಮಡಚೂದಲ್ಲವ್ವಾ, ಮುರಿಯೂದು” ಎಂದು ಆಯಿ ನಕ್ಕರು. ಊಟವಾದ ಮೇಲೆ ಮುತ್ಯಾ ಒಳಗಿನಿಂದ ಕೆಂಪು ಬಟ್ಟೆಯ ಉದ್ದನೆಯ ಕಿರ್ದಿಯೊಂದನ್ನು ತಂದರು. ಗಾಂಧಿ ಚೌಕದ ಕಡೆಯಿಂದಲೇ ಎಂದೋ ಕೊಂಡದ್ದು. ನೆಲಕ್ಕಿಟ್ಟು ತೆರೆದರು, ಯಾರೂ ಒತ್ತಿ ಹಿಡಿಯದೆ ಅದು ಚಪ್ಪಟೆಯಾಗಿ ಬಿಚ್ಚಿ ಮಲಗಿತು. ನಾನು ಎಂದಿನ ಅಭ್ಯಾಸದಂತೆ ಬೆನ್ನು ನೋಡಿದೆ. ದಾರ ಇನ್ನೂ ಬಿಗಿಯಾಗಿತ್ತು. 1980ರ ಪುಟದಲ್ಲಿ ಬಾವಿ ಸಾಲದ ಕಂತು, ಎದುರಿಗೆ ಬ್ಯಾಂಕಿನ ಹೆಸರು.

“ನಿಮ್ಮಪ್ಪಾರು ಬಾವಿ ಸಾಲ ಕೊಡಾಕ ಬಂದಾವ್ರು, ಮಾತು ಒಯ್ಯಾವ್ರು” ಎಂದರು ಮುತ್ಯಾ.

ಅರ್ಥವಾಗಲಿಲ್ಲ.

“ಇದಕ್ಕೇನಂತೀರಿ, ಅದಕ್ಕೇನಂತೀರಿ ಅಂತ ಕೇಳಿ ಕೇಳಿ ಬರಕೊಳ್ಳಾವ್ರು. ಕೂರಿಗಿ, ಮೇಟಿ, ಹಂತಿ, ಹಗೇವು. ಅದೂ ಎಲ್ಲಿ? ಹಳಕಟ್ಟಿಯವರ ಪುಸ್ತಕದ ಅಂಚಿನ್ಯಾಗ. ಕಿವಿಮ್ಯಾಲ ಸದಾ ಒಂದು ಪೆನ್ಸಿಲ್ಲು. ಶರಣರ ಮಾತು ನಿಮ್ಮ ಬಾಯಾಗ ಇನ್ನೂ ಜೀವಂತ ಅದ ಅಂತ ಹುಡುಗರಂಗ ಖುಷಿ ಪಡಾವ್ರು. ಆ ಪುಸ್ತಕ ಅದ ಏನವ್ವಾ ಈಗ?”

ಬಾಯಲ್ಲಿದ್ದ ಮಣೂಕ ಹಾಗೇ ಉಳಿಯಿತು. ಅಪ್ಪ ಮನೆಯಲ್ಲಿ ಎಲ್ಲವನ್ನೂ ಶಾಯಿಯಲ್ಲಿ ಬರೆಯುತ್ತಿದ್ದರು, ದೊಡ್ಡ ಅಕ್ಷರದಲ್ಲಿ. ಅಷ್ಟು ಚಿಕ್ಕದಾಗಿ, ಪೆನ್ಸಿಲಿನಲ್ಲಿ, ಬೇರೆಯವರ ಜಗಲಿಯಲ್ಲಿ ಕೂತು ಅವರು ಬರೆದದ್ದನ್ನು ನಾನು ಕಂಡಿರಲಿಲ್ಲ. ಚಾಚಾಗೆ ಫೋನು ಮಾಡಿದೆ. “ನಿನ್ನೆ ರಾತ್ರೀನೇ ಒಯ್ದಾನಲ್ಲ” ಎಂದು ಹುಡುಗನ ನಂಬರು ಕೊಟ್ಟರು. ಹುಡುಗ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಷಿನ್ ಓಡುತ್ತಿದ್ದರೆ ಫೋನು ಕೇಳಿಸುವುದಿಲ್ಲವಂತೆ. ಓಡುತ್ತಿರುವ ಮಷಿನ್ನೇ ಅಲ್ಲವೆ ನನ್ನ ಭಯ! ಮುತ್ಯಾನ ಮೊಮ್ಮಗಳು ಏನೂ ಕೇಳದೆ ಸ್ಕೂಟಿ ತೆಗೆದಳು.

ಎರಿ ಭೂಮಿಯ ನಡುವಿನ ದಾರಿ. ಕೊಯ್ದ ಜೋಳದ ಹೊಲಗಳಲ್ಲಿ ಮೊಣಕಾಲುದ್ದ ಕೂಳೆ, ನೆಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ನಮ್ಮ ಕಡೆ ಹೀಗೆ ಕಣ್ಣು ಹರಿಯುವಷ್ಟು ದೂರ ಏನೂ ಅಡ್ಡ ಇರದ ಜಾಗ ಎಂದರೆ ಕಡಲು ಒಂದೇ. ಬೇರೆ ದಿನವಾಗಿದ್ದರೆ ಇಳಿದು ನಿಂತು ನೋಡುತ್ತಿದ್ದೆ. ಅಂದು ಆ ಬಯಲು ಮುಗಿಯಲೇ ಇಲ್ಲ.

ಬಬಲೇಶ್ವರದ ಆ ಪ್ರೆಸ್ಸಿಗೆ ಹೋಗಿ ನಿಂತಾಗ ಹುಡುಗ ಅಪ್ಪನ ಕಟ್ಟನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದ. ನನ್ನನ್ನು ಕಂಡು ಮುಖವೆಲ್ಲ ನಗು. “ಬರ್ರಿ ಅಕ್ಕಾರ, ನೋಡ್ರಿ ಹೆಂಗ ಕುಂತದ. ಗಾಜಿನ್ಹಂಗ!” ನಿಜ. ಮೂರೂ ಕಡೆ ಅಂಚು ಗಾಜಿನಂತೆ ನುಣುಪಾಗಿ, ಒಂದೇ ಒಂದು ಚಕ್ಕೆ ಏಳದೆ ಕತ್ತರಿಸಿತ್ತು. ನಾನು ಬಯ್ಯಲು ಬಂದವಳಲ್ಲ, ಬಯ್ಯಲು ನನಗೆ ಹಕ್ಕೂ ಇರಲಿಲ್ಲ. ಕತ್ತರಿಸಿದ ತುಂಡು ಎಲ್ಲಿ ಎಂದು ಕೇಳಿದೆ. ಅವನು ಮೂಲೆಯ ಗೋಣಿಚೀಲ ತೋರಿಸಿದ. ರದ್ದಿಯವನು ಬರುವುದು ಶನಿವಾರ, ಅಂದು ಗುರುವಾರ.

ಚೀಲವನ್ನು ನೆಲಕ್ಕೆ ಸುರಿದೆವು. ಲಗ್ನಪತ್ರಿಕೆಯ ಹೊಳೆಯುವ ಅಂಚು, ಶಾಲೆಯ ಫಾರಂಗಳ ಅಂಚು, ಬಿಲ್ ಬುಕ್ಕಿನ ಗುಲಾಬಿ ಹಳದಿ ಅಂಚು. ಅವುಗಳ ನಡುವೆ ಚಹಾ ಬಣ್ಣದ, ಬೆರಳಿನ ಅರ್ಧ ಅಗಲವೂ ಇಲ್ಲದ ಪಟ್ಟಿಗಳನ್ನು ಆರಿಸಬೇಕು. ಮುಟ್ಟಿದರೆ ಮುರಿಯುತ್ತವೆ. ಮೊಮ್ಮಗಳು ಫ್ಯಾನು ಆರಿಸಿದಳು. ಆ ಸೆಕೆಯಲ್ಲಿ ಮೂವರೂ ಕುಕ್ಕರಗಾಲಲ್ಲಿ ಕೂತೆವು.

ಕೈ ಕೆಲಸದಲ್ಲಿದ್ದಾಗ ಹುಡುಗ ತನ್ನ ಮಷಿನ್ನುಗಳ ಸುದ್ದಿ ಹೇಳಿದ. ಬೆರಳು ಬ್ಲೇಡಿನ ಕೆಳಗೆ ಸಿಗದಂತೆ ಎರಡು ಗುಂಡಿ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಮುಂದೆ ಅದೃಶ್ಯ ಬೆಳಕಿನ ತೆರೆ, ಕೈ ಅಡ್ಡ ಬಂದರೆ ನಿಲ್ಲುತ್ತದೆ. ಅಳತೆಯನ್ನು ಪರದೆಯ ಮೇಲೆ ಬರೆದಿಟ್ಟರೆ ಹಿಂದಿನ ಗೇಜು ತಾನೇ ಸರಿಯುತ್ತದೆ. ಚಾಚಾನಿಗೆ ಎಡಗೈಯ ಒಂದು ಬೆರಳಿನ ತುದಿ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಹಳೆಯದರ ಮೇಲೆ ನನಗಿರುವ ಮೋಹಕ್ಕೆ ಆ ಇಲ್ಲದ ಬೆರಳು ಅಡ್ಡ ನಿಂತಿತು. ಕಾಗದ ಕತ್ತರಿಸುವ ಗಿಲೋಟಿನ್ನಿಗೆ ಫ್ರಾನ್ಸಿನ ಗಿಯೋಮ್ ಮಾಸಿಕೊ ಪೇಟೆಂಟ್ ಪಡೆದದ್ದು 1844ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಯಂತ್ರದ ಸುಧಾರಣೆಯಲ್ಲಿ ಅರ್ಧ ಪಾಲು ಬೆರಳು ಉಳಿಸುವ ಸುಧಾರಣೆ. ಬಾಕಿ ಅರ್ಧ ಬೆರಳೇ ಬೇಡವೆನ್ನುವ ಸುಧಾರಣೆ.

ಪಕ್ಕದಲ್ಲಿ ಅವನ ಪರ್ಫೆಕ್ಟ್ ಬೈಂಡಿಂಗ್ ಮಷಿನ್. ತಿರುವನಂತಪುರದ ವೆಲ್‌ಬೌಂಡಿನಂಥವರು ನಮ್ಮಲ್ಲೇ ಇವನ್ನು ತಯಾರಿಸತೊಡಗಿದ ಮೇಲೆ ಚಿಕ್ಕ ಊರುಗಳ ಪ್ರೆಸ್ಸುಗಳಿಗೂ ಇದು ಕೈಗೆಟುಕುವ ಮಾತಾಯಿತು. ನನಗೊಂದು ಕಟ್ಟು ಮಾಡಿ ತೋರಿಸಿದ. ಮಡಿಕೆಯ ಬೆನ್ನನ್ನು ಚಕ್ರದ ಹಲ್ಲು ಗರ್‍ರೆಂದು ಕೆರೆದು ಹಾಕಿತು, ನೂರೆಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಅಂಟಿನ ಉರುಳೆಯ ಮೇಲೆ ಸರಿಯಿತು, ಹೊದಿಕೆಯ ಮೇಲೆ ಕೂತಿತು, ಎರಡು ಪಕ್ಕೆ ಒತ್ತಿತು, ಮುಗಿಯಿತು. ಅರ್ಧ ನಿಮಿಷ. ಜತನದಿಂದ ಮಡಚಿದ್ದನ್ನು ಕತ್ತರಿಸಿ ಬಿಡಿಹಾಳೆ ಮಾಡಿ, ಬಿಡಿಹಾಳೆಗಳನ್ನು ಮತ್ತೆ ಅಂಟಿಸುವ ಈ ವಿಚಿತ್ರ ಬುದ್ಧಿಗೆ ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ 1836ರಲ್ಲೇ ಪೇಟೆಂಟ್ ಪಡೆದಿದ್ದ. ಅವನ ಅಂಟು ರಬ್ಬರಿನದು. ಕೆಲವು ವರ್ಷಕ್ಕೆ ರಬ್ಬರು ಒಣಗಿ ಆ ಪುಸ್ತಕಗಳ ಹಾಳೆ ಉದುರಿದವು. ನನ್ನ ಸಂಕಲನದ ನಾಲ್ಕು ಹಾಳೆಗೆ ಅಷ್ಟು ದೊಡ್ಡ ವಂಶಾವಳಿ ಇದೆಯೆಂದು ತಿಳಿದು ತುಸು ಸಮಾಧಾನ.

ಗ್ರೇಟರ್ ನೊಯ್ಡಾದ ಪ್ರಿಂಟ್‌ಪ್ಯಾಕ್ ಪ್ರದರ್ಶನಕ್ಕೆ ಹೋಗಿ ಬಂದಿದ್ದ ಹುಡುಗನ ಕಣ್ಣು ಈಗ ಪಿಯುಆರ್ ಅಂಟಿನ ಮೇಲೆ. ಕಡಿಮೆ ಬಿಸಿಯಲ್ಲಿ ಕರಗುತ್ತದೆ, ತೆಳುವಾಗಿ ಬಳಿದರೆ ಸಾಕು, ಪುಸ್ತಕ ಹೊಲಿದದ್ದರಂತೆ ಅಗಲವಾಗಿ ತೆರೆದುಕೊಳ್ಳುತ್ತದೆ, ಹಾಳೆ ಎಳೆದರೂ ಬಿಡುವುದಿಲ್ಲ. ಒಂದೇ ತೊಡಕು. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. “ನಿಮ್ಮ ಮಂಗಳೂರಾಗ ಮಸ್ತ್ ಕುಂದರ್ತದ್ರಿ ಅಕ್ಕಾರ. ಇಲ್ಲಿ ಬ್ಯಾಸಿಗ್ಯಾಗ ನಾವೇ ಗಾಳಿಗೆ ನೀರು ಕುಡಿಸಬೇಕು” ಎಂದ. ಮಣೂಕಕ್ಕೆ ಬೇಕಾದ ಗಾಳಿ ಅಂಟಿಗೆ ಬೇಡ. ನಮ್ಮೂರಿನಲ್ಲಿ ಪುಸ್ತಕ ಕೆಡಿಸುವ ಅದೇ ತೇವವನ್ನು ಈ ಹುಡುಗ ಮಷಿನ್ನಿಟ್ಟು ತಯಾರಿಸಬೇಕು! ಮಷಿನ್ನುಗಳೆಲ್ಲ ಬಂದದ್ದು ಹೊಟ್ಟೆಪಾಡಿಗೆ ಎಂದೂ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಊರ ಕವಿಗಳು ಈಗ ಸಾವಿರ ಪ್ರತಿ ಹಾಕಿಸುವುದಿಲ್ಲ, ಐವತ್ತು ಸಾಕು ಎನ್ನುತ್ತಾರೆ. ಐವತ್ತನ್ನು ಸೂಜಿಯಲ್ಲಿ ಹೊಲಿದರೆ ಕೂಲಿ ಗಿಟ್ಟುವುದಿಲ್ಲ.

ಕತ್ತಲಾಗುವ ಹೊತ್ತಿಗೆ ಸಿಕ್ಕವು ಇಪ್ಪತ್ತಮೂರು ಪಟ್ಟಿ. ಪೆನ್ಸಿಲಿನ ಗುರುತಿದ್ದವು ಹನ್ನೊಂದು. ಹುಡುಗ ಅವನ್ನು ಲಗ್ನಪತ್ರಿಕೆಯ ಲಕೋಟೆಯೊಂದರಲ್ಲಿ ಹಾಕಿಕೊಟ್ಟ. ಮೊಮ್ಮಗಳನ್ನು ತಿಕೋಟಾಕ್ಕೆ ಕಳಿಸಿ ನಾನು ವಿಜಯಪುರದ ಬಸ್ಸು ಹತ್ತಿದೆ. ಸಾರವಾಡದ ಹತ್ತಿರ ಡೋಣಿ ದಾಟುವಾಗ ಪಕ್ಕದ ಸೀಟಿನ ಅಜ್ಜಿ ಲಕೋಟೆ ನೋಡಿ, “ಯಾರ ಲಗ್ನನವ್ವಾ?” ಎಂದರು. ಕೆಳಗೆ ಡೋಣಿಯಲ್ಲಿ ನೀರು ಎಂಬುದು ನಡುವೆ ಒಂದು ಸಣ್ಣ ಗೆರೆ. ಹರಿದ ವರ್ಷ ಓಣಿಯೆಲ್ಲ ಕಾಳು ತುಂಬಿಸುವ ಹೊಳೆ ಎಂದು ಈ ಕಡೆಯವರು ಹೊಗಳುವುದು ಇದನ್ನೇ. ನನ್ನ ತೊಡೆಯ ಮೇಲೆ ಗಾಜಿನಂಥ ಅಂಚಿನ ಕಟ್ಟಿತ್ತು. ಅದನ್ನು ಮುಟ್ಟಿದಾಗಲೆಲ್ಲ ಬೆರಳು ಹಿಂದಕ್ಕೆ ಬರುತ್ತಿತ್ತು.

ಬೆಳಿಗ್ಗೆ ಚಾಚಾ ಲಕೋಟೆ ಬಿಚ್ಚಿ ನೋಡಿ ಬಹಳ ಹೊತ್ತು ಸುಮ್ಮನಿದ್ದರು. “ನಾ ಹಾಳಿ ಹಾಳಿ ತಿರುವಿ ನೋಡಿ ಕೇಳಬೇಕಿತ್ತು” ಎಂದರು. ನಾನೂ ನೋಡಿ ಹೇಳಬೇಕಿತ್ತು ಎಂದೆ. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಕಟ್ಟಿಗೆ ರಟ್ಟು ಕೂರಿಸಿ, ಕಿರ್ದಿಯ ಅದೇ ಕೆಂಪು ಬಟ್ಟೆ ಹೊದಿಸಿದರು. ಹಿಂದಿನ ರಟ್ಟಿನ ಒಳಗೆ ಮೂರು ಬದಿ ಅಂಟಿಸಿ ಒಂದು ಜೇಬು ಮಾಡಿದರು. ಜೇಬಿಗೆ ಒಂದು ಮುಚ್ಚಳ, ಲಕೋಟೆಯ ಬಾಯಿಯಂತೆ. ಆಸಾರ್ ಮಹಲಿನ ಪುಸ್ತಕಗಳ ಸುದ್ದಿಯನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ನೀಲಿ ಅಂಟು ಒಣಗಲು ಐದು ನಿಮಿಷವೂ ಹಿಡಿಯಲಿಲ್ಲ.

ಮಂಗಳೂರಿನ ಮಳೆಯಲ್ಲಿ ಈಗ ನನ್ನದು ಅದೇ ಕೆಲಸ. ದೀಪದ ಕೆಳಗೆ ಒಂದು ಪಟ್ಟಿ ಇಡುವುದು, ಪುಟ ತಿರುವುವುದು, ಕಲೆಗೆ ಕಲೆ, ಗೆರೆಗೆ ಗೆರೆ ಕೂಡುತ್ತದೆಯೇ ನೋಡುವುದು. ಒಂದು ಪುಟದ ಅಂಚಿನಲ್ಲಿ ‘ಹಗೇ’ ಎಂದು ಉಳಿದಿತ್ತು, ‘ವು’ ಪಟ್ಟಿಯಲ್ಲಿತ್ತು. ಅಂದು ರಾತ್ರಿ ಊಟ ತಡವಾಯಿತು. ಹೀಗೆ ಕೂಡಿದವು ಮೂರು. ಉಳಿದವು ಯಾವ ಪುಟದವೋ ತಿಳಿಯದೆ ಒಂದೊಂದು ಅಕ್ಷರ ಹಿಡಿದುಕೊಂಡು ಕೂತಿವೆ. ಭಾನುವಾರಗಳಂದು ಮುತ್ಯಾಗೆ ಫೋನು ಮಾಡುತ್ತೇನೆ.

“‘ಗಿ’ ಅಂತ ಮುಗಿಯುತ್ತದೆ ಮುತ್ಯಾ. ಒತ್ತಿಲ್ಲ.”

“ಕೂರಿಗಿ ಇರಬೇಕು.”

“ಕೂರಿಗಿ ಆಗಲೇ ಸಿಕ್ಕಿದೆ, ಬೇರೆ ಪುಟದಲ್ಲಿ.”

“ಹಂಗಾರ ಬ್ಯಾರೆ ಯಾವ್ದೋ. ತಡೀರಿ, ಫೋನ್ ಇಡಬ್ಯಾಡ್ರಿ. ಈಕೀನ್ನ ಕೇಳ್ತೀನಿ.” ಮುತ್ಯಾ ಫೋನನ್ನು ಎಲ್ಲೋ ಇಟ್ಟದ್ದು ಕೇಳಿಸಿತು. ದೂರದಲ್ಲಿ ಆಯಿ ರೊಟ್ಟಿ ಬಡಿಯುವ ಸದ್ದು, ಅದರ ನಡುವೆ ಮುತ್ಯಾನ ದನಿ: “ಏ, ಕೇಳಿಲ್ಲಿ, ‘ಗಿ’ ಅಂತ ಮುಗಿಯೂದು ಏನೇನದಾವ ಹೇಳು…”